ಗಡಿಗೆಯೊಳಗಿನ ಕೈ

ಬಸವ ಜಯಂತಿಯ ಹಿಂದಿನ ದಿನ ಪೂರ್ಣಿಮಾ ಹುಣಸೆಹಣ್ಣು ನೆನೆಹಾಕಿಕೊಂಡು, ತಿಕ್ಕಿ ತೊಳೆಯಲೆಂದು ದೇವರ ಜಗಲಿಯ ಬೆಳ್ಳಿ ಸಾಮಾನುಗಳನ್ನೆಲ್ಲ ಇಳಿಸಿದಳು. ಆರತಿ ತಟ್ಟೆ ಇತ್ತು, ಕುಂಕುಮದ ಬಟ್ಟಲು ಇತ್ತು, ಸಣ್ಣ ದೀಪಗಳೆರಡೂ ಇದ್ದವು. ಅಜ್ಜನ ಕರಡಿಗೆ ಮಾತ್ರ ಇರಲಿಲ್ಲ.

ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಡಬ್ಬಿ ಅದು. ಮಾವ ಅಂದಾನೆಪ್ಪನ ತಂದೆ ಅದನ್ನು ಕಟ್ಟಿಕೊಂಡೇ ವರ್ಷಕ್ಕೊಮ್ಮೆ ಈ ಊರು ತೇರಗಾಂವದಿಂದ ಉಳವಿಯ ಜಾತ್ರೆಗೆ ನಡೆದು ಹೋಗುತ್ತಿದ್ದನಂತೆ. ಆತ ತೀರಿಕೊಂಡಾಗ ಲಿಂಗ ಅಂಗೈಯಲ್ಲಿ ಆತನ ಜೊತೆಗೇ ಮಣ್ಣಿಗೆ ಹೋಯಿತು, ಖಾಲಿ ಕರಡಿಗೆ ಜಗಲಿಯ ಗೂಡಿನಲ್ಲಿ ಉಳಿಯಿತು. ಶಿವರಾತ್ರಿ, ಬಸವ ಜಯಂತಿ ಬಂದಾಗ ಮಾತ್ರ ಅದನ್ನು ಹೊರತೆಗೆದು ಬೆಳಗಿಸಿ, ಮೂರು ಬೆರಳ ವಿಭೂತಿ ಹಚ್ಚಿ, ಹೂ ಏರಿಸುವುದು ಆ ಮನೆಯ ರೂಢಿ.

"ಅತ್ತೀ, ಕರಡಿಗಿ ನೀವೇನರ ತಗದಿಟ್ಟೀರೇನ್ರಿ?"

"ನಾ ಯಾಕ ತಗದಿಡ್ಲಿ?" ಎಂದ ಮಹಾದೇವಕ್ಕ ಮೊಣಕಾಲು ಹಿಡಿದುಕೊಂಡು ಎದ್ದು ಬಂದಳು. ಅತ್ತೆ ಸೊಸೆ ಸೇರಿ ಟ್ರಂಕು ಬಿಚ್ಚಿದರು, ಅಕ್ಕಿ ಡಬ್ಬಿಗೆ ಕೈ ಹಾಕಿದರು, ಹಾಸಿಗೆಯ ಸುರುಳಿಗಳನ್ನೂ ಕೊಡವಿ ನೋಡಿದರು. ಅಂದಾನೆಪ್ಪನನ್ನು ಕೇಳಿದರೆ ಆತ ಅಂಗಿಯ ಗುಂಡಿ ಬಿಚ್ಚಿ, ತನ್ನ ಕೊರಳಲ್ಲಿದ್ದುದನ್ನು ತೋರಿಸಿ, "ಇಲ್ಲೇ ಐತಲ್ಲ" ಎಂದ.

"ನಿಮ್ದಲ್ರಿ, ನಿಮ್ಮಪ್ಪಂದು!" ಎಂದಳು ಮಹಾದೇವಕ್ಕ.

"ನಮ್ಮಪ್ಪ ಉಳವಿಗೆ ಹೋಗ್ಯಾನ. ಬಂದ ಮ್ಯಾಲೆ ಕೇಳು."

ಅಪ್ಪ ಸತ್ತು ನಲವತ್ತು ವರ್ಷವಾಗಿತ್ತು. ಎರಡು ವರ್ಷದಿಂದ ಮುದುಕನ ನೆನಪು ಹೀಗೆಯೇ. ಒಂದು ದಿನ ಇದ್ದರೆ ಮೂರು ದಿನ ಇರುತ್ತಿರಲಿಲ್ಲ.

ಮಹಾದೇವಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಕೂತಲ್ಲಿಂದಲೇ ಅವಳ ಕಣ್ಣು ಹಿತ್ತಲಿನ ಕಡೆ ಹೋಯಿತು. ಅಲ್ಲಿ ಗೋದುಬಾಯಿ ಪಾತ್ರೆ ತಿಕ್ಕುತ್ತಿದ್ದಳು.

"ಶಿವರಾತ್ರಿಗೆ ನಾನ ನನ್ನ ಕೈಯಾರೆ ಪೂಜಿ ಮಾಡೀನಿ. ಆಮ್ಯಾಲಿಂದ ಈ ಮನಿಯೊಳಗ ಕಾಲಿಡೋ ಹೊರಗಿನಾಕಿ ಒಬ್ಬಾಕಿನ."

"ಅತ್ತೀ, ಅಕಿ ಹನ್ನೆರಡು ವರ್ಷದಿಂದ ಬರಾಕತ್ಯಾಳ. ಒಂದು ಚಮಚ ಹೋಗಿಲ್ಲ."

"ಚಮಚ ಹೋಗಿದ್ರ ಅವತ್ತ ಎಚ್ಚರ ಆಗ್ತಿದ್ವಿ. ಹೋಗಲಿಲ್ಲ, ಅದಕ್ಕ ಕರಡಿಗಿ ಹೋತು."

ಮಹಾದೇವಕ್ಕ ಗೋದುಬಾಯಿಯನ್ನು ಕಳ್ಳಿ ಎಂದು ಕರೆಯಲಿಲ್ಲ, ಅಷ್ಟು ಮರ್ಯಾದಸ್ಥರ ಮನೆ ಅದು. "ನಾಳಿಂದ ಬರೂದು ಬ್ಯಾಡ ಬಿಡು, ಸೊಸಿ ಮಾಡ್ಕೋತಾಳ" ಎಂದಳು, ಅಷ್ಟೆ. ಗೋದುಬಾಯಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಪೂರ್ಣಿಮಾಳ ಮುಖ ನೋಡಿದಳು. "ಪೂರ್ಣಕ್ಕ, ನೀ ಏನೂ ಅನ್ನಂಗಿಲ್ಲೇನು?"

ಪೂರ್ಣಿಮಾ ಬಟ್ಟಲಿನ ಹುಣಸೆಹಣ್ಣನ್ನು ಕಿವುಚುತ್ತ ನಿಂತಳು. ಗೋದುಬಾಯಿ ಹಿತ್ತಲ ಬಾಗಿಲಿನಿಂದಲೇ ಹೋದಳು.

ಹಳಿಯಾಳದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ ಗಂಡ ವೀರೇಶ ಸಂಜೆ ಬಂದು ಎಲ್ಲ ಕೇಳಿಸಿಕೊಂಡ. ಪೊಲೀಸರ ಹತ್ತಿರ ಹೋಗುವುದು ಬೇಡ, ಹೆಸರು ಕೆಡುತ್ತದೆ ಎಂದ. "ಇನ್ನ ಮ್ಯಾಲೆ ಈ ಮನ್ಯಾಗ ಒಂದು ಸೂಜಿ ಕಳದ್ರೂ ನನಗ ಗೊತ್ತಾಗಬೇಕು. ಹಂಗ ಮಾಡ್ತೇನಿ."

ಮೂರನೆಯ ದಿನ ಹಳಿಯಾಳದ ಫೈಜಾನ ನಾಲ್ಕು ಕ್ಯಾಮೆರಾಗಳನ್ನು ಹಿಡಿದುಕೊಂಡು ಬಂದ. ಒಂದು ಮುಂಬಾಗಿಲಿಗೆ, ಒಂದು ಹಿತ್ತಲಿಗೆ, ಒಂದು ಪಡಸಾಲೆಗೆ. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಅವನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟ.

"ಸಾವ್ಕಾರ್ರ, ಅಡಗಿಮನ್ಯಾಗ ಯಾರೂ ಹಾಕ್ಸೂದಿಲ್ರಿ. ಹೆಣ್ಮಕ್ಕಳು ಇರೂ ಜಾಗ."

"ನಮ್ಮ ದೇವರ ಜಗಲಿ ಅಲ್ಲೇ ಐತಪಾ. ಕಳುವಾಗಿದ್ದೂ ಅಲ್ಲೇ."

ಫೈಜಾನ ಪೂರ್ಣಿಮಾಳ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಗೋಡೆಗೆ ಡ್ರಿಲ್ ಹಚ್ಚಿದ. ಸುಣ್ಣದ ಪುಡಿ ಒಲೆಯ ಕಟ್ಟೆಯ ಮೇಲೆಲ್ಲ ಉದುರಿತು. ಅದನ್ನು ಒರೆಸಿದ್ದೂ ಪೂರ್ಣಿಮಾಳೇ.

ಮೊದಲ ವಾರ ಅದೊಂದು ಸಂಭ್ರಮವೇ ಆಗಿತ್ತೆನ್ನಬೇಕು. ವೀರೇಶ ಅಂಗಡಿಯ ಗಲ್ಲಾದ ಮುಂದೆ ಕೂತು ಮೊಬೈಲು ನೋಡುತ್ತಿದ್ದ, ಅಲ್ಲಿಂದಲೇ ಮಾತಾಡುತ್ತಿದ್ದ. ದನಿ ಕ್ಯಾಮೆರಾದೊಳಗಿಂದ, ಗೋಡೆಯಿಂದ ಬರುತ್ತಿತ್ತು. "ಪೂರ್ಣಿಮಾ, ಹಾಲು ಉಕ್ಕಾಕತ್ತೈತಿ!" ಹತ್ತು ಕಿಲೋಮೀಟರು ಆಚೆ ಕೂತವನು ಹಾಲು ಉಳಿಸಿದನೆಂದು ಮಹಾದೇವಕ್ಕ ಓಣಿಗೆಲ್ಲ ಹೇಳಿಕೊಂಡು ಬಂದಳು. ಪಡಸಾಲೆಯ ಟಿ.ವಿ.ಯಲ್ಲಿ ನಾಲ್ಕೂ ಚೌಕಗಳು ಕಾಣುವಂತೆ ಮಾಡಿಕೊಟ್ಟಿದ್ದರಿಂದ ಅವಳು ಧಾರಾವಾಹಿ ಬಿಟ್ಟು ತನ್ನ ಮನೆಯನ್ನೇ ನೋಡುತ್ತ ಕೂಡತೊಡಗಿದಳು. ಸೊಸೆ ಎಷ್ಟು ಎಣ್ಣೆ ಹಾಕಿದಳು, ಮೊಮ್ಮಗಳು ಸಹನಾ ಎಷ್ಟು ಹೊತ್ತು ಹಲ್ಲುಜ್ಜಿದಳು, ಎಲ್ಲ ಲೆಕ್ಕಕ್ಕೆ ಸಿಗುತ್ತಿತ್ತು. ಒಂದು ಮಧ್ಯಾಹ್ನ ಗೋಡೆ ಇದ್ದಕ್ಕಿದ್ದಂತೆ, "ಅವ್ವಾ, ಆ ಲಾಡು ಕೆಳಗಿಡು. ಡಾಕ್ಟರ್ ಏನ್ ಹೇಳ್ಯಾರ?" ಎಂದಿತು. ಬಾಯಿತನಕ ಒಯ್ದ ಲಾಡು ಹಿಡಿದು ಮಹಾದೇವಕ್ಕ ಗಳಗಳ ಅತ್ತಳು. ಅಂದಿನಿಂದ ಓಣಿಗೆ ಹೇಳುವುದು ನಿಂತಿತು, ನೋಡುವುದು ಮಾತ್ರ ನಿಲ್ಲಲಿಲ್ಲ.

ಎಲ್ಲರಿಗಿಂತ ಕಷ್ಟವಾದದ್ದು ಅಂದಾನೆಪ್ಪನಿಗೆ. ಹಿತ್ತಲ ಬೇಲಿಯ ಹತ್ತಿರ ಧೋತರ ಸರಿಸಿ ಕೂತಿದ್ದವನಿಗೆ, "ಅಪ್ಪಾ, ಅಲ್ಲಿ ಬ್ಯಾಡ, ಸಂಡಾಸಿಗೆ ಹೋಗು" ಎಂದು ಮೇಲಿನಿಂದ ದನಿ ಬಂತು. ಮುದುಕ ಗಡಬಡಿಸಿ ಎದ್ದ. ಮಗನನ್ನು ಸುತ್ತಲೂ ಹುಡುಕಿದ. ಕಾಣದಾದಾಗ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಆಕಾಶಕ್ಕೆ ಕೈ ಮುಗಿದು, "ತಪ್ಪಾತ್ರಿ ಯಪ್ಪಾ" ಎಂದ. ಪೂರ್ಣಿಮಾ ಹೋಗಿ ಕೈ ಹಿಡಿದು ಕರೆತಂದಳು. ಆ ದಿನದಿಂದ ಆತ ಕೆಮ್ಮುವುದಕ್ಕೂ ಮೊದಲು ಮೇಲೆ ನೋಡತೊಡಗಿದ.

ಸಹನಾ ಹದಿನಾರರ ಹುಡುಗಿ, ಮುಚ್ಚಿಟ್ಟು ಮಾತಾಡುವವಳಲ್ಲ. ಒಂದು ರಾತ್ರಿ ಊಟದ ಹೊತ್ತಿಗೆ ತಟ್ಟೆ ಎತ್ತಿಕೊಂಡು ಸಾಮಾನಿನ ಕೋಣೆಗೆ ನಡೆದಳು. ಆ ಮನೆಯಲ್ಲಿ ಕ್ಯಾಮೆರಾ ಇಲ್ಲದ, ಗೊಬ್ಬರದ ಚೀಲ ತುಂಬಿದ ಕೋಣೆ ಅದು.

"ಎಲ್ಲಿಗೆ ಹೊಂಟಿ?" ಎಂದ ವೀರೇಶ.

"ಉಣ್ಣಾಕ."

"ಇಲ್ಲೇನಾಗೇತಿ?"

"ಅಪ್ಪಾ, ನಿನ್ನ ಅಂಗಡ್ಯಾಗ ಮೊಬೈಲು ತಕ್ಕಡಿಗೆ ಆನಿಸಿ ಇಟ್ಟಿರ್ತಿ. ಯೂರಿಯಾ ಒಯ್ಯಾಕ ಬಂದವರೆಲ್ಲ ನೋಡ್ತಾರ. ನಾ ಹೆರಳು ಹಾಕ್ಕೊಳ್ಳೂದು ಅವರು ಯಾಕ ನೋಡ್ಬೇಕು?"

"ಯಾರೂ ನೋಡೂದಿಲ್ಲ. ಅವರಿಗೆ ಅವರ ಕೆಲಸ ಇರ್ತಾವ."

"ಹೆರಳು ಹಾಕ್ಕೊಂಡ್ರ ಏನ್ ಕಳುವಾಗ್ತೈತಿ?" ಎಂದು ನಡುವೆ ಬಾಯಿ ಹಾಕಿದಳು ಮಹಾದೇವಕ್ಕ.

"ಅಜ್ಜೀ, ನಿನ್ನ ಲಾಡೂ ನೋಡ್ಯಾರ."

ವೀರೇಶನ ಕಿವಿ ಕೆಂಪಾಯಿತು. ಆದರೆ ಮೊಬೈಲು ತಕ್ಕಡಿಯ ಪಕ್ಕದಿಂದ ಕದಲಲಿಲ್ಲ. ಅದು ಪೂರ್ಣಿಮಾಳಿಗೆ ಗೊತ್ತಾದದ್ದು ಮುಂದಿನ ವಾರ, ಹಳಿಯಾಳದ ಒಂದು ಮದುವೆಯಲ್ಲಿ. ಅಂಗಡಿಯ ಗಿರಾಕಿ ಮಹಾಬಳೇಶ್ವರ ಎಲೆಯ ಮುಂದೆ ಕೂತು ನಗುತ್ತ ಕೇಳಿದ, "ವೈನೀ, ಕೈ ಆರಾಮಾತೇನ್ರಿ? ಮೊನ್ನೆ ಹಂಚು ತಾಗಿ ಸುಟ್ಟುಕೊಂಡ್ರಲ್ಲ?" ಸುಟ್ಟ ಕೈಯನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಆಗ ಆಕೆ ಒಬ್ಬಳೇ ಇದ್ದಳು, ನೋವಿಗೆ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಅದನ್ನೂ ಇವನು ನೋಡಿರಬೇಕು. ಹಾಕಿದ ಹೋಳಿಗೆ ಅವಳ ಎಲೆಯಲ್ಲಿ ಹಾಗೆಯೇ ಉಳಿಯಿತು.

ಹಿಂದೆ ಮಧ್ಯಾಹ್ನದ ಊಟವಾದ ಮೇಲೆ ಹಿತ್ತಲ ಮೆಟ್ಟಿಲಲ್ಲಿ ಗೋದುಬಾಯಿಯ ಜೊತೆ ಕೂತು ಚಹಾ ಕುಡಿಯುವ ಅರ್ಧ ಗಂಟೆಯೊಂದಿತ್ತು ಪೂರ್ಣಿಮಾಳಿಗೆ. ಆ ಅರ್ಧ ಗಂಟೆಯಲ್ಲಿ ಅತ್ತೆಯನ್ನು ಅಣಕಿಸಬಹುದಿತ್ತು, ಕಾಲು ಚಾಚಬಹುದಿತ್ತು, ಸನವಳ್ಳಿಯ ತವರನ್ನು ನೆನೆದು ಅಳಲೂಬಹುದಿತ್ತು. ಈಗ ಮೆಟ್ಟಿಲೂ ಚೌಕದೊಳಗೆ ಬಂದಿತ್ತು. ಒಂದು ದಿನ ಗೋದುಬಾಯಿ ತಾನು ಬಿಟ್ಟುಹೋಗಿದ್ದ ತಾಟು ಕೇಳಿಕೊಂಡು ಬೇಲಿಯ ಹತ್ತಿರ ಬಂದಳು. ಪೂರ್ಣಿಮಾ ತಾಟಿನ ಜೊತೆ ನಾಲ್ಕು ರೊಟ್ಟಿ ಸುತ್ತಿ ಕೊಟ್ಟಳು.

"ಏನದು? ಏನ್ ಕೊಟ್ಟಿ ಅಕಿಗೆ?" ಎಂದಿತು ಗೋಡೆ.

ಗೋದುಬಾಯಿ ಹೌಹಾರಿ, "ಅಗಬಾಯಿ!" ಎಂದು ಎದೆ ಹಿಡಿದುಕೊಂಡಳು. ಯಾರ ದನಿಯೆಂದು ತಿಳಿದ ಮೇಲೆ ರೊಟ್ಟಿಯ ಗಂಟನ್ನು ಬೇಲಿಯ ಮೇಲಿಟ್ಟು, ತಾಟು ಮಾತ್ರ ತೆಗೆದುಕೊಂಡು ಹೋದಳು. ಅಂದು ಸಂಜೆ ವೀರೇಶ ಕೇಳಿದ, "ಅಕಿಗೂ ನಿನಗೂ ಏನ್ ವ್ಯವಹಾರ ಐತಿ? ಕಳುವಾದಾಗಿಂದ ಅಕಿ ಪರವಾಗಿ ನೀ ಯಾಕ ಇಷ್ಟು ಬಡಕೋತಿ?"

"ನಾಲ್ಕು ರೊಟ್ಟಿ ಕೊಟ್ಟೇನ್ರಿ. ಅಷ್ಟ."

"ರೊಟ್ಟಿ ನಾನೂ ನೋಡೇನಿ. ಒಳಗೇನಿತ್ತು, ಅದು ಕಾಣಲಿಲ್ಲ."

ಹದಿನೆಂಟು ವರ್ಷ ಬಾಳುವೆ ಮಾಡಿದ ಗಂಡ ಹೀಗೆ ಕೇಳಬಹುದೆಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವತ್ತಿನಿಂದ ಅವಳಿಗೆ ಕೈಯಲ್ಲಿರುವುದನ್ನು ಒಮ್ಮೆ ಮೇಲೆತ್ತಿ ತೋರಿಸಿ ಆಮೇಲೆ ಕೆಲಸ ಮಾಡುವ ಚಟ ಹತ್ತಿತು.

ರೋಹಿಣಿ ಮಳೆಗೆ ಇನ್ನು ನಾಲ್ಕು ದಿನವಿತ್ತು. ಹಿತ್ತಲಲ್ಲಿ ಹೀರೆ, ಸವತೆ ಊರಬೇಕು. ಗದ್ದೆಯ ಬಿತ್ತನೆ ಬೀಜ ಈಗ ವೀರೇಶನ ಅಂಗಡಿಯಿಂದಲೇ ಚೀಲದಲ್ಲಿ ಬರುತ್ತದೆ. ಹಿತ್ತಲಿನ ಬೀಜಗಳು ಮಾತ್ರ ಹಳೆಯ ಪದ್ಧತಿಯಂತೆ ಬೂದಿ ತುಂಬಿದ ಗಡಿಗೆಯಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ ಇರುತ್ತಿದ್ದವು. ಶಿವರಾತ್ರಿ ಮುಗಿದ ವಾರ ಗಡಿಗೆಗೆ ಬಟ್ಟೆ ಕಟ್ಟಿ, ಸಗಣಿ ಬಳಿದು ಬಾಯಿ ಮುಚ್ಚುವುದು ಅಂದಾನೆಪ್ಪನ ಕೆಲಸ. ಎಲ್ಲ ಮರೆತರೂ ಆ ಒಂದು ಕೆಲಸವನ್ನು ಆತನ ಕೈ ಮರೆತಿರಲಿಲ್ಲ.

ಪೂರ್ಣಿಮಾ ಗಡಿಗೆ ಇಳಿಸಿ, ಸಗಣಿ ಒಡೆದು, ಬಟ್ಟೆ ಬಿಚ್ಚಿ, ಬೂದಿಯೊಳಗೆ ಕೈ ಹಾಕಿದಳು. ಹೀರೆಬೀಜದ ಗಂಟು ಸಿಕ್ಕಿತು. ಅದರ ಕೆಳಗೆ ಬೆರಳಿಗೆ ತಣ್ಣಗಿನ ಲೋಹ ತಾಗಿತು. ಮೊಟ್ಟೆಯಷ್ಟು ದಪ್ಪ, ಎರಡು ಕಡೆ ಕಿವಿ, ಕಿವಿಯಲ್ಲಿ ಹರಿದ ದಾರ. ಕಣ್ಣಿನಿಂದ ನೋಡಬೇಕಾದ್ದೇ ಇರಲಿಲ್ಲ. ಹದಿನೆಂಟು ವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೈ ಅದು. ಆಗ ಅವಳಿಗೆ ಗಡಿಗೆಯ ಕೊರಳಲ್ಲಿದ್ದ ವಿಭೂತಿ ಕಂಡಿತು. ನಡುಗುವ ಮೂರು ಬೆರಳು ಎಳೆದ ಅಡ್ಡಗೆರೆಗಳು.

ಸಿಕ್ಕಿತು ಎಂದು ಕೂಗಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದಳು. ನೆತ್ತಿಯ ಮೇಲೆ ನೀಲಿ ದೀಪ ಮಿನುಗುತ್ತಿತ್ತು. ಆರು ದಿನದ ಹಿಂದಷ್ಟೇ, ಊಟಕ್ಕೆ ಕೂತಾಗ ಅವಳು ಸುಮ್ಮನೆ ಕೇಳಿದ್ದಳು, "ಏನ್ರಿ, ಒಂದು ವೇಳೆ ಕರಡಿಗಿ ಮನ್ಯಾಗ ಸಿಕ್ರ?" ಎಂದು. ವೀರೇಶ ರೊಟ್ಟಿ ಮುರಿಯುತ್ತ ಹೇಳಿದ್ದ, "ಸಿಕ್ರ ಯಾರ ಕೈಯಿಂದ ಬಂತು ಅಂತ ರೆಕಾರ್ಡಿನ್ಯಾಗ ನೋಡೂದು. ಕದ್ದವರ ಹೆದರಿ ತಂದಿಡ್ತಾರ."

"ಏನ್ ಹುಡುಕಾಕತ್ತಿ ಅಷ್ಟೊತ್ತಿಂದ?" ಎಂದಿತು ಗೋಡೆ.

"ಬೀಜ" ಎಂದಳು ಪೂರ್ಣಿಮಾ. ಕರಡಿಗೆ ಬಿಟ್ಟು, ಹೀರೆಬೀಜದ ಗಂಟು ಹಿಡಿದು, ಬೂದಿಯ ಕೈಯನ್ನು ಮೇಲೆತ್ತಿ ತೋರಿಸಿದಳು. ಗಡಿಗೆಗೆ ಮತ್ತೆ ಬಟ್ಟೆ ಕಟ್ಟಿದಳು.

ಅಲ್ಲಿಂದ ಹತ್ತು ದಿನ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಮಾಡಿದ ಸಾರಿಗೆ ಒಮ್ಮೆ ಎರಡು ಸಲ ಉಪ್ಪು, ಒಮ್ಮೆ ಉಪ್ಪೇ ಇಲ್ಲ. ಕರೆಂಟು ಹೋದಾಗ ತೆಗೆದುಬಿಡೋಣವೆಂದು ಕಾದಳು. ಗಾಳಿಮಳೆಗೆ ಕರೆಂಟು ಹೋಯಿತು, ಊರೆಲ್ಲ ಕತ್ತಲಾಯಿತು. ನೀಲಿ ದೀಪ ಮಾತ್ರ ಹಾಗೆಯೇ ಇತ್ತು. ವೀರೇಶ ಅದಕ್ಕೆಂದೇ ಇನ್ವರ್ಟರ್ ಹಾಕಿಸಿದ್ದ. ಸನವಳ್ಳಿಯಿಂದ ಅವ್ವ ಫೋನು ಮಾಡಿ, "ದನಿ ಯಾಕ ಹಿಂಗಾಗೇತಿ?" ಎಂದರೆ, "ನೆಗಡಿ" ಎಂದಳು. ಗಿರಣಿಗೆ ಹೋಗಿ ಜೋಳ ಬೀಸಿಕೊಂಡು ಬಂದಳು. ಬರುವಾಗ ದಾರಿಯಲ್ಲೂ ತಲೆ ಎತ್ತಲಿಲ್ಲ.

ಮಾವನನ್ನು ಒಮ್ಮೆ, ಮಜ್ಜಿಗೆ ಬಡಿಸುವ ನೆಪದಲ್ಲಿ ಬಗ್ಗಿ ಕೇಳಿದಳು. "ಮಾವಾರ, ಬೀಜದ ಗಡಿಗ್ಯಾಗ ಏನರ ಇಟ್ಟೀರೇನ್ರಿ?"

ಮುದುಕನ ಕಣ್ಣು ಬೆಳಗಿತು. "ನಮ್ಮಪ್ಪ ಇಡ್ತಿದ್ದ. ಬೀಜಕ್ಕ ಕಾವಲು ಬೇಕಲ್ಲವಾ."

"ಏನ್ ಇಡ್ತಿದ್ರು?"

"ಯಾರು?" ಎಂದ ಅಂದಾನೆಪ್ಪ. ಮೇಲೆ ನೋಡಿ ದನಿ ತಗ್ಗಿಸಿದ. "ಸುಮ್ಮನಿರು. ಆ ಯಪ್ಪ ಕೇಳ್ತಾನ."

ಮರುದಿನ ಸಹನಾ ಬಂದು, "ಅವ್ವಾ, ಅನ್ನಪೂರ್ಣಾ ಟೀಚರ್ ಮನಿಯವರೂ ಗೋದುಬಾಯಿನ್ನ ಬಿಡಿಸಿದ್ರಂತ. ಬೆಳ್ಳಿ ಸಾಮಾನು ಕಳುವಾದ ಸುದ್ದಿ ಅಲ್ಲೀತನಕ ಹೋಗೇತಿ" ಎಂದಳು. ಪೂರ್ಣಿಮಾಳ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹಾಕುವ ಮೊದಲೇ ಹರಿಯಿತು. ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಮುಟ್ಟಿದ್ದು ತನ್ನ ಕೈ, ಸುಮ್ಮನಿದ್ದುದು ತನ್ನ ಬಾಯಿ, ಹೊಟ್ಟೆಯ ಮೇಲೆ ಹೊಡೆತ ಬಿದ್ದದ್ದು ಗೋದುಬಾಯಿಗೆ.

ಆ ರಾತ್ರಿ ನಿದ್ದೆಗೆಟ್ಟು ಒಂದು ದಾರಿ ಹುಡುಕಿದಳು. ಇಟ್ಟವನೇ ತೆಗೆಯಬೇಕು, ಎಲ್ಲರೆದುರಿಗೆ ತೆಗೆಯಬೇಕು, ಬೇಕಾದರೆ ಕ್ಯಾಮೆರಾನೂ ನೋಡಲಿ.

"ಅತ್ತೀ, ಗಡಿಗ್ಯಾಗ ಉಳಿದ ಬೀಜಾ ಈ ಸಲ ಮಾವಾರ ಕೈಲೆ ತಗಸೂಣು. ಹಿರೇರ ಕೈಲೆ ಊರಿದ್ರ ಬಳ್ಳಿ ಚಲೋ ಹಬ್ತಾವ."

"ಏನ್ ಹೊಸಾ ಶಾಣ್ಯಾತನ ಇದು?" ಎಂದಳು ಮಹಾದೇವಕ್ಕ. ಆದರೂ ಗಂಡನಿಗೆ ಮನೆಯಲ್ಲೊಂದು ಮರ್ಯಾದೆ ಸಿಗುವುದು ಅವಳಿಗೆ ಇಷ್ಟವಾಯಿತು. ಅಂಗಡಿಗೆ ರಜೆಯಿದ್ದ ದಿನ ನೋಡಿ, ಮಣೆ ಹಾಕಿ, ಅಂದಾನೆಪ್ಪನಿಗೆ ಹೊಸ ರುಮಾಲು ಸುತ್ತಿ, ಗಡಿಗೆಯನ್ನು ಪಡಸಾಲೆಗೆ ತಂದಿಟ್ಟರು. ವೀರೇಶ ಕುರ್ಚಿಯಲ್ಲಿ, ಸಹನಾ ಹೊಸ್ತಿಲಲ್ಲಿ ಕೂತರು. ಪೂರ್ಣಿಮಾ ಎರಡು ಮಾರು ದೂರ, ಕೈ ಕಟ್ಟಿಕೊಂಡು ನಿಂತಳು. ಕೈ ಎಲ್ಲರಿಗೂ ಕಾಣಬೇಕಿತ್ತು.

ಮುದುಕ ಬಟ್ಟೆ ಬಿಚ್ಚಿದ. ಸವತೆಯ ಗಂಟು ತೆಗೆದ, ಅವರೆಯ ಗಂಟು ತೆಗೆದ. ಮೊಳಕೈವರೆಗೆ ಬೂದಿಯೊಳಗೆ ಇಳಿದ ಕೈ ಕರಡಿಗೆಯೊಂದಿಗೆ ಮೇಲೆ ಬಂತು. ಆತ ಅದನ್ನು ಊದಿ, ಕಣ್ಣಿಗೆ ಒತ್ತಿಕೊಂಡು, ಬಹಳ ಸಹಜವಾಗಿ, "ಹೂಂ, ಕಾವಲು ಮುಗೀತು. ಇನ್ನ ಜಗಲಿ ಮ್ಯಾಲೆ ಇಡ್ರಿ" ಎಂದ.

ಮೊದಲು ಬಾಯಿ ಬಿಟ್ಟವಳು ಮಹಾದೇವಕ್ಕ. "ಅಯ್ಯ ಶಿವನ! ಹೌದಲ್ಲ... ನಾ ಮದಿವ್ಯಾಗಿ ಬಂದಾಗ ನಮ್ಮ ಮಾವ ಅವರಪ್ಪನ ಖಾಲಿ ಕರಡಿಗಿ ಹಿಂಗ ಇಡ್ತಿದ್ರು. ಎರಡು ವರ್ಷ ನೋಡೇನಿ. ಗದ್ದಿ ಬೀಜಾ ಸೊಸಾಯಿಟಿಯಿಂದ ತರಾಕ ಹತ್ತಿದ ಮ್ಯಾಲೆ ಬಿಟ್ಟಿದ್ರು. ಹಾಳಾದ್ದು, ನನಗ ನೆನಪ ಆಗಲಿಲ್ಲ."

"ಹಂಗಾರ ಗೋದುಬಾಯಿ?" ಎಂದಳು ಸಹನಾ.

ಮಹಾದೇವಕ್ಕ ಬೂದಿಯ ಗಡಿಗೆಯನ್ನು ಮೂಲೆಗೆ ಸರಿಸಿದಳು. ಪೂರ್ಣಿಮಾಳಿಗೆ ಹತ್ತು ದಿನದ ಮೇಲೆ ಎದೆ ಹಗುರಾಯಿತು. ವೀರೇಶನೂ ನಕ್ಕ. ಅಪ್ಪನ ಬೆನ್ನು ತಟ್ಟಿದ. ಖುಷಿಯಲ್ಲಿ ರಿಮೋಟು ಎತ್ತಿಕೊಂಡು, "ಅಪ್ಪ ಯಾವಾಗ ಇಟ್ಟಾನ ನೋಡೂಣು ತಡೀರಿ. ಇದು ಹದಿನೈದು ದಿನದ್ದು ಹಿಡದಿಟ್ಟಿರ್ತೈತಿ" ಎಂದ.

"ಕ್ಯಾಮೆರಾ ಬರೂ ಮೊದಲ ಇಟ್ಟಾರಲ್ರಿ, ಹೆಂಗ ಸಿಗ್ತೈತಿ?" ಎಂದಳು ಪೂರ್ಣಿಮಾ ಗಾಬರಿಯಿಂದ.

"ಅಡ್ಡಿಲ್ಲ, ಗಡಿಗಿ ಯಾರ್ಯಾರು ಮುಟ್ಯಾರ ನೋಡೂಣಲ್ಲ" ಎಂದ ವೀರೇಶ. ಅವನ ಮನಸ್ಸಿನಲ್ಲಿ ಆಗ ಏನೂ ಇರಲಿಲ್ಲ. ಹೊಸ ಆಟಿಕೆ ಸಿಕ್ಕ ಮಗುವಿನಂತೆ ದಿನಗಳನ್ನು ಹಿಂದಕ್ಕೆ ಓಡಿಸಿದ. ಟಿ.ವಿ.ಯ ತುಂಬ ಅಡಿಗೆಮನೆ ಬಂತು. ಪೂರ್ಣಿಮಾ ಗಡಿಗೆ ಇಳಿಸಿದಳು. ಸಗಣಿ ಒಡೆದಳು. ಕೈ ಒಳಗೆ ಹಾಕಿದಳು. ಕೈ ಒಳಗೇ ನಿಂತಿತು. ಅವಳ ಮುಖ ಬೆಳ್ಳಗಾದದ್ದು, ಬಾಯಿ ತೆರೆದು ಮುಚ್ಚಿದ್ದು, ಕಣ್ಣೆತ್ತಿ ನೇರ ಕ್ಯಾಮೆರಾವನ್ನು ನೋಡಿದ್ದು, ಎಲ್ಲ ಅಚ್ಚುಕಟ್ಟಾಗಿ ಕಂಡಿತು. ಕೆಳಗೆ ತಾರೀಖು, ಗಂಟೆ, ನಿಮಿಷ.

ವೀರೇಶ ಅದನ್ನು ಇನ್ನೊಮ್ಮೆ ಹಾಕಿದ. ಮೂರನೆಯ ಸಲ ಹಾಕುವ ಹೊತ್ತಿಗೆ ಅವನ ಮುಖದ ನಗು ಹೋಗಿತ್ತು.

"ನಿನಗ ಗೊತ್ತಿತ್ತು."

"ಗೊತ್ತಿತ್ತ್ರಿ. ಅವತ್ತ ಕೈಗೆ ತಾಗಿತು."

"ಮತ್ತ ಹತ್ತು ದಿನ ಸುಮ್ಮನ ಯಾಕಿದ್ದಿ?"

"ತಗದಿದ್ರ ನೀವು ಏನ್ ಅಂತಿದ್ರಿ? ಕದ್ದವರ ತಂದಿಡ್ತಾರ ಅಂದವರು ನೀವ."

"ನನ್ನ ಮ್ಯಾಲೆ ಅಷ್ಟೂ ನಂಬಿಗಿ ಇಲ್ಲೇನು ನಿನಗ?"

"ನಿಮಗ ನಮ್ಮ ಮ್ಯಾಲೆ ಐತೇನ್ರಿ? ಇದ್ರ ಇದ್ಯಾಕ ಬೇಕಿತ್ತು?" ಎಂದು ಪೂರ್ಣಿಮಾ ಗೋಡೆಯ ಕಡೆ ಕೈ ಮಾಡಿದಳು. ಆ ಮನೆಗೆ ಬಂದ ಮೇಲೆ ಮೊದಲ ಸಲ ಅವಳ ದನಿ ಅಷ್ಟು ಏರಿತ್ತು.

ವೀರೇಶನೂ ಎದ್ದು ನಿಂತ. "ಹತ್ತು ದಿನ ಮುಚ್ಚಿಟ್ಟಾಕಿ, ಅದನ್ನ ಗಡಿಗ್ಯಾಗ ಇಟ್ಟಾಕಿನೂ ನೀನ ಯಾಕ ಆಗಿರಬಾರದು? ಅಪ್ಪನ ಕೈಲೆ ತಗಸೂ ನಾಟಕ ಹೂಡಿದಾಕಿ ನೀನ ಅಲ್ಲೇನು?"

ಆಡಿದ ಮೇಲೆ ಅವನಿಗೇ ಹೆಚ್ಚಾಯಿತೆನಿಸಿರಬೇಕು, ರಿಮೋಟು ಕೆಳಗಿಟ್ಟ. "ವೀರೇಶಾ, ನಾನ ಇಟ್ಟೆ. ನಮ್ಮಪ್ಪ ಹೇಳಿದ್ದ" ಎಂದ ಅಂದಾನೆಪ್ಪ ಸ್ಪಷ್ಟವಾಗಿ. "ನೀ ಸುಮ್ಮನಿರಪಾ, ನಿನಗ ನಿನ್ನೆ ಉಂಡದ್ದೂ ನೆನಪಿರೂದಿಲ್ಲ" ಎಂದ ಮಗ. ಮುದುಕ ಮೇಲೆ ನೋಡಿ ಕೈ ಮುಗಿದ. ಸಹನಾ ಅಳುತ್ತ ಗೊಬ್ಬರದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊನೆಗೆ ಮಹಾದೇವಕ್ಕ ಕರಡಿಗೆಯನ್ನು ಸೆರಗಿನಿಂದ ಒರೆಸುತ್ತ, ಯಾರ ಮುಖವನ್ನೂ ನೋಡದೆ, "ಸಾಕ ಬಿಡ್ರಿ. ಗೋದುಬಾಯಿಗೆ ನಾಳಿಂದ ಬಾ ಅಂತ ಹೇಳಿ ಕಳಸ್ರಿ" ಎಂದಳು.

"ನಾನ ಹೋಗಿ ಕರೀತೇನಿ" ಎಂದು ಪೂರ್ಣಿಮಾ ಚಪ್ಪಲಿ ಮೆಟ್ಟಿದಳು.

ಗೋದುಬಾಯಿಯ ಮನೆ ಊರ ತುದಿಗೆ, ಗಿರಣಿಯ ಹಿಂದೆ. ತಗಡಿನ ಮಾಡು, ಒಂದೇ ಕೋಣೆ. ಅವಳು ಕರೆಯದೆ ಬಂದವಳನ್ನು ನೋಡಿ ಚಾಪೆ ಹಾಸಿ, ಒಲೆಯ ಮೇಲೆ ಚಹಾ ಇಟ್ಟಳು. ಪೂರ್ಣಿಮಾ ಗೋಡೆಗೆ ಆನಿಕೊಂಡು ಕೂತಳು. ಹೇಳಬೇಕಾದ ಮಾತು ನಾಲಿಗೆಯ ಮೇಲೆ ಬಂತು. ಬಂದದ್ದೇ ಅವಳು ತಲೆ ಎತ್ತಿ ಮಾಡಿನ ಮೂಲೆ ನೋಡಿದಳು. ಆಮೇಲೆ ಇನ್ನೊಂದು ಮೂಲೆ.

"ಏನ್ ನೋಡ್ತಿ?" ಎಂದಳು ಗೋದುಬಾಯಿ. "ಅಲ್ಲಿ ಹಲ್ಲಿ ಬಿಟ್ರ ಏನಿಲ್ಲ."

ಪೂರ್ಣಿಮಾ ನಗಲು ಹೋಗಿ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು. ಗಡಿಗೆ, ಬೂದಿ, ಕೈಗೆ ತಾಗಿದ ಕರಡಿಗೆ, ಹತ್ತು ದಿನ, ಟಿ.ವಿ. "ಏನ್ ಮಾಡ್ಲಿ ಗೋದಕ್ಕಾ, ಎಲ್ಲಿ ನಿಂತ್ರೂ ಅದು ನೋಡ್ತಿತ್ತು. ಬಾಯಿ ಬಿಡಾಕ ಜಾಗಾನ ಇರಲಿಲ್ಲ."

ಗೋದುಬಾಯಿ ಚಹಾ ಸೋಸಿ, ಲೋಟ ಅವಳ ಮುಂದಿಟ್ಟಳು. ತನಗೆ ಹಾಕಿಕೊಳ್ಳಲಿಲ್ಲ.

"ನಡುವ ಒಂದು ದಿನ ನೀ ಗಿರಣಿಗೆ ಬಂದಿದ್ದಿ. ಹಿಟ್ಟಿನ ಡಬ್ಬಿ ಹೊತ್ತುಕೊಂಡು ಹೋಗೂದು ನಾ ಬಾಗಿಲಾಗ ನಿಂತು ನೋಡಿದೆ. ಆ ದಿನ ಗೊತ್ತಿತ್ತೇನು?"

"ಗೊತ್ತಿತ್ತು."

"ಗಿರಣಿಯಿಂದ ಇಲ್ಲಿಗೆ ಹತ್ತು ಹೆಜ್ಜಿ, ಪೂರ್ಣಕ್ಕ. ನನ್ನ ಮನ್ಯಾಗ ಕ್ಯಾಮೆರಾ ಇರಲಿಲ್ಲಲ್ಲ."

ಪೂರ್ಣಿಮಾ ಲೋಟ ಹಿಡಿದುಕೊಂಡೇ ಕೂತಳು. ಹತ್ತು ದಿನದಲ್ಲಿ ಈ ಒಂದು ಮಾತು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆಯಲಿಲ್ಲವೆಂದು ಹೇಳಿದರೆ ಯಾರು ನಂಬುತ್ತಾರೆ? ಅವಳಿಗೇ ನಂಬಲಾಗಲಿಲ್ಲ.

"ಅತ್ತಿಯವರು ನಾಳಿಂದ ಬಾ ಅಂದಾರ" ಎಂದಳು.

"ಬರೂದಿಲ್ಲ. ನೀ ಬೇಕಾದ್ರ ಬಾ, ಚಹಾ ಮಾಡ್ತೇನಿ." ಗೋದುಬಾಯಿ ಎದ್ದು ಒಲೆಯ ಬೂದಿ ಕೆದಕತೊಡಗಿದಳು. "ಆರಿತು ನೋಡು, ಕುಡಿ."

ಪೂರ್ಣಿಮಾ ಕುಡಿದು, ಲೋಟ ತೊಳೆದಿಟ್ಟು ಹೊರಟಳು. ಗಿರಣಿ ದಾಟಿ, ತಮ್ಮ ಓಣಿ ಹಿಡಿದು, ಮನೆಯ ಗೇಟು ತೆರೆದಳು. ಬಾಗಿಲ ಮೇಲೆ ನೀಲಿ ದೀಪ ಮಿನುಗಿತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಮೇಲೆತ್ತಿ ಖಾಲಿಯೆಂದು ತೋರಿಸಿ, ಯಾರೂ ಕೇಳುವ ಮೊದಲೇ ಗೋಡೆಗೆ ಹೇಳಿದಳು, "ಬಂದೇನ್ರಿ."